ಯೆಜ್ಡಿಗೂ ಎಣ್ಣೆಸ್ನಾನ

ಹೊನ್ನಾಳಿಯ ನಮ್ಮ ಮನೆಯಲ್ಲಿ ಭಾನುವಾರದ ಎಣ್ಣೆಸ್ನಾನ ಮಕ್ಕಳಿಗಷ್ಟೇ ಅಲ್ಲ, ಆಗಾಗ ಯೆಜ್ಡಿಗೂ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಗಾಡಿ ಮಾತ್ರ ನನ್ನನ್ನು ನ್ಯಾಮತಿಯ ಶಾಲೆಗೆ ಮುಟ್ಟಿಸುವುದನ್ನು ನಿಲ್ಲಿಸಲಿಲ್ಲ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಬೇರೆ, ಗೇರಿನದು ಬೇರೆ ಎಂದು ನಮ್ಮನೆಯವರು ಎಷ್ಟು ಸಲ ಹೇಳಿದ್ದರೋ! ನಾನು ಹೂಂಗುಟ್ಟುತ್ತಾ ಮಕ್ಕಳ ಕಾಪಿ ತಿದ್ದುತ್ತಿದ್ದೆ.

ಅವರು ಹೋದ ವರ್ಷ ಮಗ, "ಮಾರಿಬಿಡೋಣಮ್ಮ, ಯಾರು ನೋಡ್ಕೋತಾರೆ?" ಎಂದ. ನನಗೇಕೋ ರೇಗಿತು. ಮುಂದಿನ ಭಾನುವಾರ ಪಕ್ಕದ ಮನೆಯ ಹುಡುಗನಿಂದ ಕಿಕ್ ಹೊಡೆಸಿ ಎಂಜಿನ್ ಸ್ವಲ್ಪ ಹೊತ್ತು ಓಡಲು ಬಿಟ್ಟೆ. ಬಿಸಿಯಾದರೆ ಎಣ್ಣೆ ತೆಳುವಾಗಿ, ಹೊಲಸನ್ನೂ ಎಳೆದುಕೊಂಡು ಇಳಿಯುತ್ತದೆ. ಹಳೆಯ ಬಾಣಲೆಯಿಟ್ಟು ಅಡಿಯ ಬೋಲ್ಟ್ ಬಿಚ್ಚಿದೆ. ಗಟ್ಟಿ ಡಿಕಾಕ್ಷನ್ನಿನಂಥ ಎಣ್ಣೆ ಧಾರೆಯಾಗಿ ಬಂತು. ಸೆರಗು ಹಾಳಾಯಿತೆನ್ನಿ. ಬೋಲ್ಟ್ ಬಿಗಿದು ಹೊಸ ಎಣ್ಣೆ ಹೊಯ್ದು ಗೆದ್ದವಳಂತೆ ಮಲಗಿದೆ. ಬೆಳಗೆದ್ದರೆ ಅಂಗಳದಲ್ಲಿ ಎಣ್ಣೆಯ ಮಡು! ಬೋಲ್ಟಿನ ವಾಷರ್ ಬಾಣಲೆಯ ತಳದಲ್ಲೇ ಉಳಿದಿತ್ತು.

ಎರಡನೆಯ ಸಲ ಮಗನೇ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ವಾಷರ್ ಎಲ್ಲೋ?" ಎಂದೆ.

ಹಲ್ಲಲ್ಲಿ ಕಚ್ಚಿಕೊಂಡಿದ್ದನ್ನು ತೋರಿಸಿದ, ಥೇಟ್ ಅವರಪ್ಪನ ಹಾಗೆ.

"ಛೀ, ಉಗಿಯೋ" ಎಂದೆ.