ನಿಂತ ಕಾರಿನ ಉಸಿರು

ಲಾಸ್ ಏಂಜಲಿಸ್ ಪಕ್ಕದ ಪಸಡೀನಾದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಸಾನ್ ಗೇಬ್ರಿಯಲ್ ಬೆಟ್ಟಸಾಲು ಎದುರಿಗೇ ಇದೆ. 1950ರ ದಶಕದಲ್ಲಿ ಎಷ್ಟೋ ದಿನ ಅದು ಕಾಣುತ್ತಲೇ ಇರಲಿಲ್ಲ. ಕಣ್ಣುರಿಸುವ ಹೊಗೆಮಂಜು ಮುಚ್ಚಿರುತ್ತಿತ್ತು. ಕಾರಣ ಕಂಡುಹಿಡಿದವರು ಇದೇ ಊರಿನ ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್. ಪೆಟ್ರೋಲಿನ ಆವಿಯೂ ವಾಹನದ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಜೋನ್ ಹುಟ್ಟುತ್ತಿತ್ತು.

ಓಡುವ ಕಾರಷ್ಟೇ ಅಲ್ಲ, ನಿಂತ ಕಾರಿನ ಟ್ಯಾಂಕೂ ಆವಿ ಬಿಡುತ್ತದೆ. ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಯಿಂದ ಆವಿ ತಡೆಯುವ ವ್ಯವಸ್ಥೆ ಕಡ್ಡಾಯವಾಯಿತು. ಅದರ ಜೀವಾಳ ಒಂದು ಇದ್ದಿಲ ಡಬ್ಬಿ. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟು, ಎಂಜಿನ್ ಓಡುವಾಗ ಅದಕ್ಕೇ ಉಣಿಸುತ್ತದೆ.

ಅಲ್ಲಿನ ಮನೆಯೊಂದರ ಶೆಡ್ಡಿನಲ್ಲಿ ತಂದೆ-ಮಗಳು 1976ರ ಕಾರೊಂದನ್ನು ಸರಿಪಡಿಸುತ್ತಿದ್ದರು. ಬಣ್ಣ ಫಳಫಳ ಹೊಳೆಯುತ್ತಿತ್ತು. "ಹಿಂದಿನವರು ಡಬ್ಬಿ ಕಿತ್ತೆಸೆದಿದ್ದಾರೆ. ಅದಿಲ್ಲದೆ ಹೊಗೆ ತಪಾಸಣೆಯಲ್ಲಿ ಪಾಸಾಗದು" ಎಂದರು ತಂದೆ. ಹಳೆಯ ಪೆಟ್ರೋಲ್ ಕಾರುಗಳಲ್ಲಿ 1975ರವರೆಗಿನ ಮಾದರಿಗಳಿಗೆ ಮಾತ್ರ ಈ ತಪಾಸಣೆಯಿಂದ ವಿನಾಯಿತಿ. ಗುಜರಿಯಲ್ಲಿ ಹುಡುಕಿ ತಂದ ಡಬ್ಬಿಗೆ ಮಗಳು ಪೆಟ್ರೋಲ್ ತಾಳುವ ಹೊಸ ಕೊಳವೆ ಜೋಡಿಸಿದಳು.

"ಬಣ್ಣ ಎಲ್ಲರಿಗೂ ಕಾಣುತ್ತದೆ, ಈ ಡಬ್ಬಿ ಯಾರಿಗೆ ಕಂಡೀತು?" ಎಂದೆ.

ಅವಳು ಬಾಗಿಲಾಚೆ ಕೈ ತೋರಿದಳು. "ಅದು ಕಾಣುತ್ತದಲ್ಲ!"

ಬೆಟ್ಟಸಾಲು ನಿಚ್ಚಳವಾಗಿತ್ತು.