ಊರಿಗೆ ವಾಪಸಾದ ಹಾಜಿ

1998ರ ಜೂನ್ 30. ಆಗ ನನಗೆ ಹತ್ತು ವರ್ಷ. ನಮ್ಮ ಓಣಿಯಲ್ಲಿ ಕೇಬಲ್ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ರಾತ್ರಿ ಎಂಟಕ್ಕೆ ವಿಶ್ವಕಪ್ ಫುಟ್‌ಬಾಲ್ ಶುರುವಾಯಿತು. ಕ್ರೊಯೇಷಿಯಾ ಮತ್ತು ರೊಮೇನಿಯಾ. ಹೊಸಿಲ ಹತ್ತಿರ ಕೂತ ನಮಗೆ ಎರಡೂ ದೇಶ ಎಲ್ಲಿವೆ ಅಂತ ಗೊತ್ತಿರಲಿಲ್ಲ. ಆದರೆ ರೊಮೇನಿಯಾದವರ ತಲೆ ನೋಡಿ ಎಲ್ಲರೂ ನಕ್ಕೆವು. ಎಲ್ಲರ ಕೂದಲೂ ಮೆಕ್ಕೆಜೋಳದ ತೆನೆಯ ಜುಟ್ಟಿನ ಹಾಗೆ ಹಳದಿ! ಗೋಲ್‌ಕೀಪರ್ ಒಬ್ಬನದು ಮಾತ್ರ ಬೋಳುತಲೆ. ಇಂಗ್ಲೆಂಡನ್ನು ಸೋಲಿಸಿ ಮುಂದಿನ ಸುತ್ತಿಗೆ ಹೋದ ಖುಷಿಗೆ ತಂಡದವರೆಲ್ಲ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದರು ಅಂತ ಆಮೇಲೆ ಓದಿ ತಿಳಿದೆ.

ಆ ರಾತ್ರಿ ಅವರು 1-0 ಅಂತರದಲ್ಲಿ ಸೋತರು. ಹಳದಿ ತಲೆಯ ಒಬ್ಬ ಕುಳ್ಳನೆಯ ಆಟಗಾರನನ್ನು ಆಟದ ಮಧ್ಯದಲ್ಲೇ ಹೊರಗೆ ಕರೆಸಿಕೊಂಡರು. ಅವನೇ ಕ್ಯಾಪ್ಟನ್, ಗೆಯೋರ್ಗೆ ಹಾಜಿ. ಹೆಸರು ಕೇಳಿ ಹಜ್ ಯಾತ್ರೆಗೆ ಹೋಗಿ ಬಂದವನು ಅಂದುಕೊಳ್ಳಬೇಡಿ, ಅದು ಅವನ ಮನೆತನದ ಹೆಸರು.

ಮುಂದೆ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತಾಗ ಈ ಹಾಜಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅವನು ಹುಟ್ಟಿದ್ದು 1965ರಲ್ಲಿ, ಕಪ್ಪು ಸಮುದ್ರದ ಹತ್ತಿರ ಕೊನ್‌ಸ್ತಾಂತ್ಸಾ ಜಿಲ್ಲೆಯ ಸಚೇಲೆ ಎಂಬ ಹಳ್ಳಿಯಲ್ಲಿ. ಅವನದು ಅರೊಮೇನಿಯನ್ ಮನೆತನ. ಬಾಲ್ಕನ್ ಬೆಟ್ಟಗಳಲ್ಲಿ ತಲೆತಲಾಂತರದಿಂದ ಕುರಿ ಮೇಯಿಸಿಕೊಂಡು ಬಂದ ಜನ ಅವರು. ನಮ್ಮ ಚಳ್ಳಕೆರೆ ಕಡೆ ಕುರಿಹಟ್ಟಿಗಳ ನಡುವೆ ಬೆಳೆದ ನನಗೆ ಅಷ್ಟು ಸಾಕಾಯಿತು, ಹಾಜಿ ನಮ್ಮ ಪೈಕಿಯವನಾಗಿಬಿಟ್ಟ.

ಅವನ ಆಟದ ಕಥೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. 1987ರಲ್ಲಿ ಸೈನ್ಯದ ತಂಡವಾದ ಸ್ತೆಯಾವಾ ಬುಕಾರೆಸ್ಟ್ ಅವನನ್ನು ಬರೀ ಒಂದು ಪಂದ್ಯಕ್ಕೆ ಅಂತ ಕರೆಸಿಕೊಂಡಿತು. ಅದು ಯುರೋಪಿನ ಸೂಪರ್ ಕಪ್ ಪಂದ್ಯ. ಅದರ ಒಂದೇ ಒಂದು ಗೋಲು ಹೊಡೆದವನು ಹಾಜಿ. ಸೈನ್ಯದವರು ಅವನನ್ನು ವಾಪಸ್ ಕಳಿಸಲೇ ಇಲ್ಲ! ಚೌಶೆಸ್ಕುವಿನ ಕಾಲ ಅದು, ಕೇಳುವವರು ಯಾರು? 1989ರಲ್ಲಿ ಆ ಸರ್ಕಾರ ಬಿತ್ತು. ಮರುವರ್ಷ ಹಾಜಿ ರಿಯಲ್ ಮ್ಯಾಡ್ರಿಡ್ ಸೇರಿದ. ಅಲ್ಲಿ ಎರಡು ವರ್ಷ. ಆಮೇಲೆ ಇಟಲಿಯ ಬ್ರೆಷಾ ಎಂಬ ಸಣ್ಣ ಕ್ಲಬ್. ಆ ತಂಡ ಎರಡನೇ ದರ್ಜೆಗೆ ಇಳಿದಾಗಲೂ ಅವನು ಬಿಟ್ಟು ಹೋಗಲಿಲ್ಲ, ಅಲ್ಲೇ ಆಡಿದ.

ಹಾಗೆ ಎರಡನೇ ದರ್ಜೆಯಲ್ಲಿ ಆಡುತ್ತಿದ್ದವನೇ 1994ರಲ್ಲಿ ಅಮೆರಿಕದ ವಿಶ್ವಕಪ್ಪಿಗೆ ಹೋದ. ಕೊಲಂಬಿಯಾ ಎದುರು ಎಡಗಡೆಯ ಗೆರೆಯ ಹತ್ತಿರದಿಂದ ಎಡಗಾಲಿನಲ್ಲಿ ಎತ್ತಿ ಹೊಡೆದ ಚೆಂಡು ಗೋಲ್‌ಕೀಪರನ ತಲೆ ಮೇಲಿಂದ ಹೋಗಿ ಬಲೆಗೆ ಬಿತ್ತು. ಅದರ ವಿಡಿಯೊ ಇವತ್ತೂ ಸಿಗುತ್ತದೆ, ನೋಡಿ. ಅರ್ಜೆಂಟೀನಾವನ್ನು 3-2ರಿಂದ ಸೋಲಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ಎದುರು ಪೆನಾಲ್ಟಿಯಲ್ಲಿ ಸೋತರು. ಅಷ್ಟರಲ್ಲಿ ಬಾರ್ಸಿಲೋನಾದವರ ಕಣ್ಣು ಅವನ ಮೇಲೆ ಬಿದ್ದಿತ್ತು. ಕೊನೆಗೆ ತುರ್ಕಿಯ ಗಲಾತಸರಾಯ್. ಅಲ್ಲಿ ಸಾಲಾಗಿ ನಾಲ್ಕು ಲೀಗ್ ಪಟ್ಟ, 2000ದಲ್ಲಿ ಯುಇಎಫ್‌ಎ ಕಪ್. ಆ ಫೈನಲ್ಲಿನಲ್ಲೂ ಸಿಟ್ಟು ಮಾಡಿಕೊಂಡು ರೆಡ್ ಕಾರ್ಡ್ ತಿಂದು ಹೊರಗೆ ಹೋಗಿದ್ದ. ದೇಶದ ಪರವಾಗಿ ಆಡಿದ ಕೊನೆಯ ಪಂದ್ಯದಲ್ಲೂ ರೆಡ್ ಕಾರ್ಡೇ!

2001ರಲ್ಲಿ ಆಟ ಬಿಟ್ಟ. ನಾನು ಹೇಳಬೇಕೆಂದಿರುವುದು ಅಲ್ಲಿಂದ ಮುಂದಿನದು.

ಅದೇ ವರ್ಷ ಅವನನ್ನು ರೊಮೇನಿಯಾ ತಂಡದ ಕೋಚ್ ಮಾಡಿದರು. ವಿಶ್ವಕಪ್ಪಿಗೆ ಹೋಗಬೇಕಾದರೆ ಸ್ಲೊವೇನಿಯಾವನ್ನು ಗೆಲ್ಲಬೇಕಿತ್ತು. ಅಲ್ಲಿ 2-1ರಿಂದ ಸೋಲು, ಮನೆಯಂಗಳದಲ್ಲಿ 1-1 ಸಮ. ಕೆಲಸ ಹೋಯಿತು. ಆಮೇಲೆ ಬುರ್ಸಾಸ್ಪೋರ್, ಅದೂ ಸ್ವಲ್ಪ ದಿನ. ಗಲಾತಸರಾಯ್‌ಗೆ ಕೋಚ್ ಆಗಿ ಹೋದಾಗ 2005ರ ಕಪ್ ಫೈನಲ್‌ನಲ್ಲಿ ಬದ್ಧ ವೈರಿ ಫೆನರ್‌ಬಾಚೆಯನ್ನು 5-1ರಿಂದ ಬಡಿದರು. ಆದರೂ ಅವನನ್ನು ಉಳಿಸಿಕೊಳ್ಳಲಿಲ್ಲ. ತಿಮಿಶೋರಾ, ಅದೂ ಆಯಿತು. 2007ರಲ್ಲಿ ಸ್ತೆಯಾವಾ, ಕೆಲವೇ ತಿಂಗಳು. 2010ರಲ್ಲಿ ಮತ್ತೆ ಗಲಾತಸರಾಯ್, ಮರುವರ್ಷ ಮಾರ್ಚಿಗೆ ಮನೆಗೆ. ಹತ್ತು ವರ್ಷದಲ್ಲಿ ಆರು ಕಡೆ. ದೊಡ್ಡ ಆಟಗಾರ ದೊಡ್ಡ ಕೋಚ್ ಆಗಲ್ಲ ಅನ್ನೋದಕ್ಕೆ ಉದಾಹರಣೆ ಬೇಕಿದ್ದವರಿಗೆಲ್ಲ ಹಾಜಿ ಸಿಕ್ಕಿದ್ದ.

ಇದನ್ನು ಓದಿದ ದಿನಗಳಲ್ಲೇ ನನ್ನ ಕೆಲಸವೂ ಹೋಯಿತು. ಡೆಸ್ಕಿನಲ್ಲಿ ಜನ ಕಡಿಮೆ ಮಾಡುತ್ತಿದ್ದೇವೆ ಅಂದರು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಟ್ರಂಕು ಹೊತ್ತು ಊರಿಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮಾವ, 'ಏನಪ್ಪಾ, ರಜಾನಾ?' ಅಂದರು. ಹ್ಞೂಂ ಅಂದೆ. ಆ ರಜಾ ಇನ್ನೂ ಮುಗಿದಿಲ್ಲ. ಈಗ ಜಿಲ್ಲೆಯ ಸುದ್ದಿ ಬರೆಯುವ ಸ್ಟ್ರಿಂಗರ್. ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲೂ ನನ್ನದೇ.

ಹಾಜಿ ಏನು ಮಾಡಿದ ಅಂತ ಆಗ ಮತ್ತೆ ಹುಡುಕಿದೆ. ಬೇರೆಯವರ ಕ್ಲಬ್ಬುಗಳಲ್ಲಿ ಸೋಲುತ್ತಿದ್ದಾಗಲೇ, 2009ರಲ್ಲಿ, ಅವನು ತನ್ನ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಶುರುಮಾಡಿದ್ದ. ಕೊನ್‌ಸ್ತಾಂತ್ಸಾ ಪಕ್ಕದ ಒವಿದಿಯು ಎಂಬ ಸಣ್ಣ ಊರಿನಲ್ಲಿ ಸ್ವಂತ ದುಡ್ಡು ಹಾಕಿ ಮಕ್ಕಳಿಗೆ ಅಕಾಡೆಮಿ ಕಟ್ಟಿದ. ಅದರ ಜೊತೆಗೆ ಒಂದು ಕ್ಲಬ್, ಹೆಸರು ವಿಯಿಟೋರುಲ್. ಅವರ ಭಾಷೆಯಲ್ಲಿ ಹಾಗೆಂದರೆ ಭವಿಷ್ಯ. ಮೂರನೇ ದರ್ಜೆಯಿಂದ ಶುರುಮಾಡಿ 2012ಕ್ಕೆ ಮೊದಲ ದರ್ಜೆಗೆ ಬಂದರು. 2014ರಲ್ಲಿ ಅವನೇ ಕೋಚ್ ಆದ. ಹೆಸರುವಾಸಿ ಆಟಗಾರರನ್ನು ಕೊಂಡು ತರುವ ಬದಲು ಅಕಾಡೆಮಿಯ ಹುಡುಗರನ್ನೇ ಮೈದಾನಕ್ಕೆ ಇಳಿಸಿದ. ಚೆನ್ನಾಗಿ ಬೆಳೆದವರನ್ನು ದೊಡ್ಡ ಕ್ಲಬ್ಬುಗಳಿಗೆ ಮಾರಿದರೆ ದುಡ್ಡು ಬರುತ್ತಿತ್ತು, ಅವರ ಜಾಗಕ್ಕೆ ಕೆಳಗಿನ ಹುಡುಗರು ಬರುತ್ತಿದ್ದರು.

2017ರ ಮೇ ತಿಂಗಳು. ಲೀಗಿನ ಕೊನೆಯಲ್ಲಿ ವಿಯಿಟೋರುಲ್‌ಗೂ ರಾಜಧಾನಿಯ ಎಫ್‌ಸಿಎಸ್‌ಬಿಗೂ ಸಮ ಅಂಕ, 44-44. ಪರಸ್ಪರ ಆಡಿದ ಪಂದ್ಯಗಳಲ್ಲಿ ಯಾರು ಮೇಲು ಅಂತ ಲೆಕ್ಕ ಹಾಕಿದರು. ಎಂಟು ವರ್ಷದ ಕ್ಲಬ್ಬು ರೊಮೇನಿಯಾದ ಚಾಂಪಿಯನ್ ಆಯಿತು! 2021ರಲ್ಲಿ ಅದನ್ನು ಕೊನ್‌ಸ್ತಾಂತ್ಸಾದ ಹಳೆಯ ಕ್ಲಬ್ ಫಾರುಲ್ ಜೊತೆ ಸೇರಿಸಿದರು. ಹುಡುಗನಾಗಿದ್ದಾಗ ಹಾಜಿ ಆಟ ಶುರುಮಾಡಿದ್ದು ಅದೇ ಫಾರುಲ್‌ನಲ್ಲಿ. 2023ರಲ್ಲಿ ಅದೇ ಎಫ್‌ಸಿಎಸ್‌ಬಿ ಎದುರು ಎರಡು ಗೋಲು ಹಿಂದಿದ್ದವರು 3-2ರಿಂದ ಗೆದ್ದು ಮತ್ತೆ ಪಟ್ಟ ಕಟ್ಟಿಕೊಂಡರು.

2024ರ ಯುರೋ ಕಪ್ಪಿನಲ್ಲಿ ರೊಮೇನಿಯಾ ಉಕ್ರೇನನ್ನು 3-0ಯಿಂದ ಸೋಲಿಸಿತು. ಆ ಟೂರ್ನಿಯಲ್ಲಿ 24 ವರ್ಷಗಳ ಮೇಲೆ ಅವರಿಗೆ ಸಿಕ್ಕ ಮೊದಲ ಗೆಲುವು ಅದು. ಗೋಲು ಹೊಡೆದ ಮೂವರಲ್ಲಿ ಇಬ್ಬರು, ರಜ್ವಾನ್ ಮರಿನ್ ಮತ್ತು ಡೆನಿಸ್ ದ್ರಾಗುಶ್, ವಿಯಿಟೋರುಲ್‌ನಲ್ಲಿ ಆಡಿ ಮೇಲೆ ಬಂದ ಹುಡುಗರು. ನಾನು ಅದನ್ನು ಮೊಬೈಲಿನಲ್ಲಿ, ತೋಟದ ಪಂಪ್‌ಸೆಟ್ ಕಟ್ಟೆ ಮೇಲೆ ಕೂತು ನೋಡಿದೆ.

ಅದೇ ಮನುಷ್ಯ, ಅದೇ ಸಿಟ್ಟು. ಆರು ಕಡೆ ಸೋತವನು ಒವಿದಿಯುವಿನಲ್ಲಿ ಹೇಗೆ ಗೆದ್ದ? ನನಗೆ ತೋಚಿದ್ದು ಇಷ್ಟು. ಬೇರೆಯವರ ಕ್ಲಬ್ಬಿನಲ್ಲಿ ಅವನಿಗೆ ಕೊಟ್ಟದ್ದು ತಿಂಗಳುಗಳು, ತನ್ನ ಕ್ಲಬ್ಬಿನಲ್ಲಿ ಅವನೇ ತೆಗೆದುಕೊಂಡದ್ದು ವರ್ಷಗಳು. ಅಲ್ಲಿ ಅವನನ್ನು ಕೆಲಸದಿಂದ ತೆಗೆಯುವವರು ಯಾರೂ ಇರಲಿಲ್ಲ, ಮಾಲೀಕ ಅವನೇ. ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಅಷ್ಟು ವರ್ಷ ಬೇಕೇ ಬೇಕು.

ಆದರೆ ಒಂದು ಮಾತು ಮರೆಯಬಾರದು. ಆ ಪುರುಸೊತ್ತು ಕೊಂಡುಕೊಳ್ಳಲು ಹಾಜಿಯ ಹತ್ತಿರ ದುಡ್ಡಿತ್ತು. ನಮ್ಮ ಹತ್ತಿರ ಇಲ್ಲ. 'ಊರಿಗೆ ಬಾ, ಗೆಲ್ಲುತ್ತೀಯ' ಅಂತ ನಾನು ಯಾರಿಗೂ ಹೇಳುವುದಿಲ್ಲ. ಊರಿಗೆ ಬಂದು ಸಾಲ ಮಾಡಿಕೊಂಡವರನ್ನೂ ಬಲ್ಲೆ, ಅವರಲ್ಲಿ ನಾನೂ ಒಬ್ಬ.

ಆದರೂ ಹೋದ ವರ್ಷದಿಂದ ಭಾನುವಾರ ನಮ್ಮ ಮನೆಯ ಜಗಲಿಗೆ ಕಾಲೇಜಿನ ಇಬ್ಬರು ಹುಡುಗಿಯರು ಸುದ್ದಿ ಬರೆಯುವುದನ್ನು ಕಲಿಯಲು ಬರುತ್ತಾರೆ. ಗ್ರಾಮಸಭೆಯ ಮೇಲೆ ಒಬ್ಬಳು ಬರೆದ ಮೊದಲ ವರದಿಯನ್ನು ನಾಲ್ಕು ವಾರ ತಿದ್ದಿದೆವು. ಐದನೇ ವಾರ ಅದು ಜಿಲ್ಲಾ ಪುಟದಲ್ಲಿ ಬಂತು. ಆರು ಸಾಲು, ಹೆಸರಿಲ್ಲ. ಅವಳು ಪೇಪರ್ ಮಡಿಸಿ ಬ್ಯಾಗಿಗೆ ಹಾಕಿಕೊಂಡು, 'ಅಣ್ಣ, ಮುಂದಿನದು ಯಾವುದರ ಮೇಲೆ ಬರೀಲಿ?' ಅಂದಳು.

ಕುಡಿಯುವ ನೀರಿನ ಘಟಕ ಎಷ್ಟು ದಿನದಿಂದ ಕೆಟ್ಟಿದೆ ಅಂತ ಕೇಳಿಕೊಂಡು ಬಾ ಅಂದೆ.