ಅಘನಾಶಿನಿಯ ಅಳಿವೆಯಲ್ಲಿ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ನದಿಯೆಂದರೆ ಒಂದೇ ದಿಕ್ಕಿಗೆ ಹರಿಯತಕ್ಕದ್ದು. ಅದು ದಿನಕ್ಕೆ ಎರಡು ಬಾರಿ ಹಿಮ್ಮೊಗವಾಗಿ ಏರುವುದನ್ನು ನಾನು ಕಂಡದ್ದು ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಯಲ್ಲಿ. ಶಿರಸಿಯ ಬಳಿ ಹುಟ್ಟುವ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ತದಡಿಯ ಬಳಿ ಕಡಲನ್ನು ಸೇರುತ್ತದೆ. 2024ರಲ್ಲಿ ಅಳಿವೆಯು ರಾಮ್ಸಾರ್ ಪಟ್ಟಿಯನ್ನು ಸೇರಿತು. ಗೋಕರ್ಣಕ್ಕೆ ಹೋಗುವ ಯಾತ್ರಿಕರಿಗೆ ಇದು ದೂರವೇನಲ್ಲ.

ಮಾರ್ಗಶಿರದ ಒಂದು ಮುಂಜಾನೆ ತುಂಬು ಉಬ್ಬರದಲ್ಲಿ ದೋಣಿಯೇರಿ ಕಾಂಡ್ಲ ಗಿಡಗಳ ನಡುವಣ ಕಿರುಗಾಲುವೆಯನ್ನು ಹೊಕ್ಕೆವು. ಉಪ್ಪುನೀರಿನಲ್ಲಿ ನಿಂತೂ ಹಸುರಾಗಿರುವ ಗಿಡಗಳಿವು. ಕೆಲವು ಜಾತಿಗಳಲ್ಲಿ ಬೀಜವು ತಾಯಿಮರದಲ್ಲಿಯೇ ಮೊಳೆತು, ನೀಳವಾದ ಕೋಲಿನಂತೆ ಜೋತಾಡಿ, ಬಲಿತ ಮೇಲೆ ಕೆಸರಿಗೆ ಬೀಳುತ್ತದೆ. ಉಸಿರಾಟಕ್ಕಾಗಿ ಬೇರುಗಳನ್ನೇ ನೆಲದಿಂದ ಮೇಲಕ್ಕೆ ಚಾಚುವ ಜಾತಿಗಳೂ ಉಂಟು. ಆದರೆ ನಾನು ಬಂದದ್ದು ಹಕ್ಕಿ ನೋಡಲು. ಒಂದು ಮಿಂಚುಳ್ಳಿಯ ಹೊರತು ಬೇರೇನೂ ಕಾಣಲಿಲ್ಲ.

“ಹಕ್ಕಿಗಳೆಲ್ಲಿ, ತಮ್ಮಾ?” ಎಂದೆ.

“ಈಗ ಅವಕ್ಕೆ ಉಣ್ಣಲಿಕ್ಕೆ ಏನುಂಟು ಸ್ವಾಮೀ? ನೀರು ಇಳಿಯಬೇಕು. ಆದರೆ ಆಗ ದೋಣಿ ಹೋಗುವುದಿಲ್ಲ,” ಎಂದ ಅಂಬಿಗ.

ನನ್ನದು ಹಟ. ಇನ್ನಷ್ಟು ಒಳಕ್ಕೆ ಎಂದೆ. ಇಳಿತ ಹತ್ತಿ ಒಂಬತ್ತು ಗಂಟೆಗೆ ದೋಣಿಯ ತಳ ಕೆಸರಿಗೆ ಕೂತಿತು. ಮತ್ತೆ ಉಬ್ಬರ ಬರುವವರೆಗೆ, ಐದು ತಾಸು, ಕದಲುವಂತಿಲ್ಲ. ತಪ್ಪು ನನ್ನದೇ ಆದ್ದರಿಂದ ಆತ ನಕ್ಕು ಸುಮ್ಮನಾದ.

ಆಮೇಲೆ ಬಂದವು ಹಕ್ಕಿಗಳು. ಬಯಲಾದ ಕೆಸರಿನ ಮೇಲೆ ಬೆಳ್ಳಕ್ಕಿಗಳು. ಉತ್ತರದ ಶೀತದೇಶಗಳಿಂದ ಚಳಿಗಾಲಕ್ಕೆ ಬರುವ ಗದ್ದೆಗೊರವಗಳು ಹುಳುಗಳನ್ನು ಹೆಕ್ಕುತ್ತ ಓಡಾಡಿದವು. ಮೇಲೆ ಗರುಡ ಸುತ್ತಿತು. ಅವುಗಳ ಜೊತೆಗೇ ಬುಟ್ಟಿ ಹಿಡಿದ ಹೆಂಗಸರೂ ಮೊಳಕಾಲುದ್ದ ಕೆಸರಿಗಿಳಿದು ಬಳಚು ಹೆಕ್ಕತೊಡಗಿದರು. ಬಳಚೆಂದರೆ ಚಿಪ್ಪಿನೊಳಗಿನ ಜೀವಿ. ಈ ಅಳಿವೆಯ ಸಾವಿರಾರು ಮನೆಗಳ ಅನ್ನ. ಶಾಕಾಹಾರಿಯಾದ ನನಗೆ ಆ ಬುಟ್ಟಿಯನ್ನು ನೋಡಲು ಸಂಕೋಚವಾಯಿತು.

ಬಿಸಿಲೇರಿತು, ನಮ್ಮ ನೀರು ಮುಗಿದಿತ್ತು. ಒಬ್ಬ ಮುದುಕಿ ದೋಣಿಯ ಬಳಿಗೆ ಬಂದು ತನ್ನ ತಂಬಿಗೆಯನ್ನು ಎತ್ತಿ ತೋರಿಸಿ, “ಮೀನು ತಿನ್ನುವವರ ನೀರು ಆದೀತಾ ಸ್ವಾಮೀ?” ಎಂದಳು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಲವತ್ತು ವರ್ಷ ಉಪನ್ಯಾಸ ಮಾಡಿದವನು ನಾನು. ಆದರೂ ಅರೆಕ್ಷಣ ತಡೆದೆ. ಆಕೆ ಅದನ್ನು ಕಂಡಳೆಂಬುದೇ ಇಂದಿಗೂ ನನ್ನನ್ನು ಚುಚ್ಚುತ್ತದೆ. ಕುಡಿದೆ; ಬುತ್ತಿಯಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ತಿಂದಳು.

ಬುಟ್ಟಿಯಿಂದ ಸಣ್ಣ ಚಿಪ್ಪುಗಳನ್ನು ಆರಿಸಿ ಆಕೆ ಕೆಸರಿಗೇ ಎಸೆಯುತ್ತಿದ್ದಳು. ಕೇಳಿದ್ದಕ್ಕೆ, “ಮೊದಲಿನಷ್ಟು ಸಿಗೂದಿಲ್ಲ. ಮರಿಯನ್ನೂ ಒಯ್ದರೆ ಮುಂದಿನ ವರ್ಷ ಏನು ಹೆಕ್ಕೂದು?” ಎಂದಳು. ಆಚೆಯ ಗಜನಿಯನ್ನು ತೋರಿಸಿ, ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದೆವು, ಒಡ್ಡು ಒಡೆದು ಉಪ್ಪುನೀರು ನುಗ್ಗಿದ ಮೇಲೆ ಬಿಟ್ಟೆವು ಎಂದೂ ಹೇಳಿದಳು. ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತುವ, ನೆರೆಯಲ್ಲಿ ಮುಳುಗಿದರೂ ತಾಳುವ ತಳಿಯದು. ಆದರೆ ಒಡ್ಡು ಕಾಯಲು ಊರೇ ಒಟ್ಟಾಗಬೇಕು.

ಎರಡು ಗಂಟೆಗೆ ದೋಣಿ ಮೆಲ್ಲನೆ ಅಲುಗಿತು. ಹಕ್ಕಿಗಳು ಎದ್ದುಹೋದವು. ಹೆಂಗಸರು ಬುಟ್ಟಿಗಳನ್ನು ತಲೆಗೇರಿಸಿ ದಡ ಹತ್ತಿದರು. ಮುದುಕಿಯ ತಂಬಿಗೆ ನಮ್ಮ ದೋಣಿಯಲ್ಲಿಯೇ ಉಳಿದಿತ್ತು. ಅಂಬಿಗನು ಕೂಗಿ ಹೇಳಿದ, “ಅಮ್ಮಾ, ಸಂಜೆ ತಂದುಕೊಡ್ತೆ!”